ಪಿತ್ತದ ಗಂಧೆ: ಹೋಟೆಲಿನವರು ತಿಳಿದಿರಬೇಕಾದ ಸಂಗತಿಗಳು

ಬೆಂಕಿಯ ಎದುರು ನಿಂತ ಅಡುಗೆ ಭಟ್ಟರಿಗೋ, ತಟ್ಟೆ ತೊಳೆಯುವ ಹುಡುಗನಿಗೋ ಇದ್ದಕ್ಕಿದ್ದಂತೆ ಮೈಮೇಲೆ ಕೆಂಪು ಗಂಧೆ ಏಳುವುದು ಹೋಟೆಲು ಉದ್ಯಮದವರಿಗೆ ಹೊಸತಲ್ಲ. 'ಪಿತ್ತ ಎದ್ದಿದೆ, ಸ್ವಲ್ಪ ಪುನರ್ಪುಳಿ ನೀರು ಕುಡಿ' ಎಂದು ಹೇಳಿ ನಾವು ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಹೆಚ್ಚಿನ ಸಲ ಅದು ಅಷ್ಟಕ್ಕೇ ಮುಗಿಯುತ್ತದೆ. ಆದರೆ ಕೆಲವೊಮ್ಮೆ ಇದೇ ಗಂಧೆ ಪ್ರಾಣಾಪಾಯದ ಮೊದಲ ಸೂಚನೆಯಾಗಿರುತ್ತದೆ. ಅದು ಕೆಲಸಗಾರನಿಗೂ ಆಗಬಹುದು, ನಮ್ಮಲ್ಲಿ ಉಂಡ ಗಿರಾಕಿಗೂ ಆಗಬಹುದು.

ಇದು ಏನು?

ವೈದ್ಯರು ಇದನ್ನು ಅರ್ಟಿಕೇರಿಯಾ ಎನ್ನುತ್ತಾರೆ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ವಸ್ತುವನ್ನು ಹೊರಬಿಟ್ಟಾಗ ಸಣ್ಣ ರಕ್ತನಾಳಗಳಿಂದ ದ್ರವ ಸೋರಿ ಚರ್ಮ ಅಲ್ಲಲ್ಲಿ ಉಬ್ಬುತ್ತದೆ, ತುರಿಸುತ್ತದೆ. ಒಂದೊಂದು ಗಂಧೆಯೂ ಸಾಮಾನ್ಯವಾಗಿ 24 ಗಂಟೆಯೊಳಗೆ ಕಲೆ ಉಳಿಸದೆ ಮಾಯವಾಗುತ್ತದೆ, ಬೇರೆ ಕಡೆ ಹೊಸತು ಏಳುತ್ತದೆ.

ಇದು ಅಂಟುರೋಗವಲ್ಲ. ಗಂಧೆ ಎದ್ದಿತೆಂದು ಹುಡುಗನನ್ನು ಊರಿಗೆ ಕಳುಹಿಸಬೇಕಾಗಿಲ್ಲ. ಕೆಲಸಗಾರರ ಕೋಣೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹಬ್ಬುವುದು ಕಜ್ಜಿ. ಅದು ಬೆರಳ ಸಂದಿಯಲ್ಲಿ, ಸೊಂಟದಲ್ಲಿ ದಿನಗಟ್ಟಲೆ ಉಳಿದು ರಾತ್ರಿ ಹೆಚ್ಚು ತುರಿಸುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇರೆ.

ಕಾರಣಗಳು ಹಲವು

ಊಟವೊಂದೇ ಕಾರಣವಲ್ಲ. ನೆಗಡಿ, ಜ್ವರದಂಥ ಸೋಂಕುಗಳು, ಪೆನಿಸಿಲಿನ್, ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ಔಷಧಿಗಳು, ಜೇನುನೊಣದ ಕಡಿತ ಇವೆಲ್ಲ ಗಂಧೆ ಎಬ್ಬಿಸುತ್ತವೆ. ಒಲೆಯ ಕಾವಿಗೆ ಬೆವರಿದಾಗ, ಬಿಗಿಯಾದ ಬೆಲ್ಟು ಒತ್ತಿದಲ್ಲಿ, ಕೋಲ್ಡ್ ಸ್ಟೋರೇಜಿನ ಚಳಿಗೆ, ರಬ್ಬರ್ ಕೈಗವಸಿನಿಂದ ಗಂಧೆ ಏಳುವವರೂ ಇದ್ದಾರೆ. 6 ವಾರ ಮೀರಿಯೂ ಬರುತ್ತಿದ್ದರೆ ಅದಕ್ಕೆ ಆಹಾರ ಕಾರಣವಾಗಿರುವುದು ಅಪರೂಪ. ಒಂದೊಂದೇ ಪದಾರ್ಥ ಬಿಟ್ಟು ಪಥ್ಯ ಮಾಡುವ ಬದಲು ವೈದ್ಯರನ್ನು ಕಾಣುವುದು ಒಳ್ಳೆಯದು.

ಆಹಾರದ ಅಲರ್ಜಿಯಾದರೆ ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ 2 ಗಂಟೆಯೊಳಗೆ ಗೊತ್ತಾಗುತ್ತದೆ. ಶೇಂಗಾ, ಗೋಡಂಬಿ, ಹಾಲು, ಮೊಟ್ಟೆ, ಮೀನು, ಸೀಗಡಿ, ಗೋಧಿ, ಸೋಯಾ, ಎಳ್ಳು ಮುಖ್ಯವಾದವು.

ಮೀನೂಟದ ಹೋಟೆಲಿನವರು ಇನ್ನೊಂದು ವಿಷಯ ಗಮನಿಸಬೇಕು. ಬಂಗುಡೆ, ಬೂತಾಯಿ, ಟ್ಯೂನಾ ಮೀನುಗಳನ್ನು ಐಸ್ ಇಲ್ಲದೆ ಇಟ್ಟರೆ ಬ್ಯಾಕ್ಟೀರಿಯಾಗಳಿಂದ ಮೀನಿನಲ್ಲೇ ಹಿಸ್ಟಮಿನ್ ಹುಟ್ಟುತ್ತದೆ. ಅದನ್ನು ತಿಂದವರಿಗೆ ಮುಖ ಕೆಂಪಾಗಿ, ತಲೆನೋವು ಬಂದು, ಮೈಮೇಲೆ ದದ್ದು ಏಳಬಹುದು. ಒಂದೇ ಮೇಜಿನ ಮೂವರಿಗೆ ಹೀಗಾದರೆ ಅದು ಅವರ ಅಲರ್ಜಿಯಲ್ಲ, ನಮ್ಮ ಮೀನಿನ ದೋಷವೆಂದು ಮೊದಲು ಅನುಮಾನಿಸಬೇಕು. ಹೀಗೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ, ಹುರಿದರೂ, ಮತ್ತೆ ಫ್ರೀಜರಿಗೆ ಹಾಕಿದರೂ ಹೋಗುವುದಿಲ್ಲ. ಮಾರುಕಟ್ಟೆಯಿಂದ ತವೆಯವರೆಗೂ ಮೀನು ಐಸಿನಲ್ಲೇ ಇರಬೇಕು.

ಗಿರಾಕಿ ಕೇಳಿದಾಗ

'ಇದರಲ್ಲಿ ಗೋಡಂಬಿ ಇದೆಯೇ?' ಎಂದು ಕೇಳುವ ಗಿರಾಕಿ ರುಚಿಗಾಗಿ ಕೇಳುತ್ತಿಲ್ಲದಿರಬಹುದು. ಸಪ್ಲೈಯರ್ ಅಂದಾಜಿನಿಂದ 'ಇಲ್ಲ ಸಾರ್' ಎನ್ನಬಾರದು, ಒಳಗೆ ಹೋಗಿ ಭಟ್ಟರನ್ನು ಕೇಳಿ ಬರಬೇಕು. ಕುರ್ಮಾದ ಗ್ರೇವಿಯಲ್ಲಿ ಅರೆದ ಗೋಡಂಬಿ ಕಣ್ಣಿಗೆ ಕಾಣುವುದಿಲ್ಲ. ತೆಂಗಿನಕಾಯಿ ದುಬಾರಿಯಾದಾಗ ಚಟ್ನಿಗೆ ಶೇಂಗಾ ಸೇರುತ್ತದೆ. ಸಾಂಬಾರಿಗೆ ಹಾಕುವ ಕೂಟು ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಇರುತ್ತದೆ. ಸೀಗಡಿ ಕರಿದ ಎಣ್ಣೆಯಲ್ಲಿ ಬಜ್ಜಿ ಕರಿದರೂ ತೊಂದರೆಯೇ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ಬೇರೆ ಐಟಂ ತೆಗೆದುಕೊಳ್ಳಿ' ಎನ್ನುವುದರಲ್ಲಿ ನಾಚಿಕೆಯಿಲ್ಲ. ಕೇಂದ್ರ ಪರವಾನಗಿ ಇರುವ ಅಥವಾ 10 ಇಲ್ಲವೆ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಅಲರ್ಜಿಕಾರಕ ಪದಾರ್ಥಗಳ ಮಾಹಿತಿ ನೀಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಹೇಳುತ್ತದೆ. ಸಣ್ಣ ಹೋಟೆಲಿನವರೂ ಅದನ್ನು ಪಾಲಿಸಿದರೆ ನಷ್ಟವೇನಿಲ್ಲ.

ಯಾವಾಗ ವೈದ್ಯರ ಬಳಿ?

ಬರೀ ತುರಿಕೆಯಾದರೆ ತಣ್ಣೀರು ಬಟ್ಟೆ, ಸಡಿಲ ಉಡುಪು, ವೈದ್ಯರು ಸೂಚಿಸಿದ ಅಲರ್ಜಿ ಮಾತ್ರೆ ಸಾಕಾಗುತ್ತದೆ. ಏವಿಲ್‌ನಂಥ ಹಳೆಯ ಮಾತ್ರೆಗಳು ನಿದ್ದೆ ತರಿಸುತ್ತವೆ. ಅದನ್ನು ನುಂಗಿದವನನ್ನು ಕಾದ ಎಣ್ಣೆಯ ಬಾಣಲೆಯ ಎದುರು, ಗ್ರೈಂಡರಿನ ಬಳಿ ನಿಲ್ಲಿಸಬೇಡಿ. ಗಂಧೆ ಕೆಲವು ದಿನಗಳಲ್ಲಿ ಕಡಿಮೆಯಾಗದಿದ್ದರೆ, ಪದೇ ಪದೇ ಬಂದರೆ, ನೋವಿದ್ದು ಒಂದೇ ಕಡೆ 24 ಗಂಟೆಗಿಂತ ಹೆಚ್ಚು ಉಳಿದು ಕಲೆ ಬಿಟ್ಟರೆ, ಜತೆಗೆ ಜ್ವರವಿದ್ದರೆ ವೈದ್ಯರಿಗೆ ತೋರಿಸಬೇಕು.

ನಾಲಗೆ ಅಥವಾ ಗಂಟಲು ಊದುವುದು, ಸ್ವರ ಬದಲಾಗುವುದು, ಉಸಿರು ಕಟ್ಟುವುದು, ತಲೆಸುತ್ತು, ಗಂಧೆಯ ಜತೆ ಮೇಲಿಂದ ಮೇಲೆ ವಾಂತಿ, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಾವುದೊಂದು ಕಂಡರೂ ಅದು ಅನಾಫಿಲಾಕ್ಸಿಸ್ ಆಗಿರಬಹುದು. ಮಾತ್ರೆ ಕೊಟ್ಟು ಕಾಯಬೇಡಿ. 108 ಅಥವಾ 112ಕ್ಕೆ ಫೋನ್ ಮಾಡಿ. ಇದಕ್ಕೆ ಮೊದಲ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ರೋಗಿಯ ಬಳಿ ಅಡ್ರಿನಲಿನ್ ಪೆನ್ ಇದ್ದರೆ ಕೂಡಲೇ ಬಳಸಲು ನೆರವಾಗಿ. ಕಾಲು ಎತ್ತರಿಸಿ ಅಂಗಾತ ಮಲಗಿಸಿ, ಉಸಿರಾಟಕ್ಕೆ ಕಷ್ಟವಾದರೆ ಕೂರಿಸಿ. ನಿಲ್ಲಿಸಬೇಡಿ, ನಡೆಸಬೇಡಿ, ಬಾಯಿಗೆ ನೀರು ಹಾಕಬೇಡಿ. ಸುಧಾರಿಸಿದಂತೆ ಕಂಡರೂ ಕೆಲವು ಗಂಟೆಗಳ ನಂತರ ಮರುಕಳಿಸಬಹುದಾದ್ದರಿಂದ ಆಸ್ಪತ್ರೆಗೆ ಹೋಗಲೇಬೇಕು.

ಹತ್ತಿರದ ಆಸ್ಪತ್ರೆಯ ಫೋನ್ ನಂಬರ್ ಮತ್ತು ಮೇಲಿನ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದು ಗಲ್ಲಾದ ಬಳಿ ಅಂಟಿಸಿಡಿ. ಮಾಲಕರು ಇಲ್ಲದ ಹೊತ್ತಿನಲ್ಲೂ ಯಾರಾದರೊಬ್ಬರು ಅದನ್ನು ಓದಿ ಫೋನ್ ಮಾಡುವಂತಿರಲಿ.