ಡಕ್ಟ್ ಇಲ್ಲದ ಮನೆಗೆ ಡಕ್ಟ್ ಕ್ಲೀನಿಂಗ್

ಏಪ್ರಿಲ್–ಮೇ ಸಂಜೆಗಳಲ್ಲಿ ಮಳೆಗೆ ಮುಂಚೆ ಏಳುವ ಗಾಳಿ ಬೆಂಗಳೂರಿನ ಮಾಗಡಿ ರಸ್ತೆಯ ದೂಳನ್ನೆಲ್ಲ ಗೋವಿಂದರಾಜನಗರದ ಮನೆಗಳೊಳಕ್ಕೆ ತಂದು ಸುರಿಯುತ್ತದೆ. ಪಕ್ಕದ ಬಸವೇಶ್ವರನಗರದ ಸಾಣೇಗುರುವನಹಳ್ಳಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ, ನಿಜ. ಅದು ಅಳೆಯುವುದು ಹೊರಗಿನ ಗಾಳಿಯನ್ನು. ಒಳಗಿನದಕ್ಕೆ ನಾವೇ ಲೆಕ್ಕ ಹಾಕಿಕೊಳ್ಳಬೇಕು.

10×12 ಅಡಿ ಕೋಣೆ, 10 ಅಡಿ ಎತ್ತರ: 1,200 ಘನ ಅಡಿ, ಅಂದರೆ 34 ಘನ ಮೀಟರ್ ಗಾಳಿ. ಪಿಎಂ10 (10 ಮೈಕ್ರಾನ್ ಮೀರದ) ಕಣಗಳ ದಿನದ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ 2009ರ ರಾಷ್ಟ್ರೀಯ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ 45. ಬಿರುಗಾಳಿಯ ಹೊತ್ತಿಗೆ 500 ಎಂದೇ ಹಿಡಿಯೋಣ. 34ರಿಂದ ಗುಣಿಸಿದರೆ ಕೋಣೆಯ ಗಾಳಿಯಲ್ಲಿರುವ ದೂಳು 17 ಮಿಲಿಗ್ರಾಂ. ಅಷ್ಟೇ!

ಇನ್ನು ದೇವರ ಮುಂದಿನ ಊದುಬತ್ತಿ. 1 ಗ್ರಾಂ ಉರಿದರೆ 45 ಮಿಲಿಗ್ರಾಂನಷ್ಟು ಕಣ ಹೊಮ್ಮುತ್ತದೆ ಎಂದು ಅಳೆದವರಿದ್ದಾರೆ. ಕಿಟಕಿ ಮುಚ್ಚಿದ ಅದೇ ಕೋಣೆಯಲ್ಲಿ ಅದು ಘನ ಮೀಟರಿಗೆ 1,300 ಮೈಕ್ರೋಗ್ರಾಂ ದಾಟುತ್ತದೆ. ಬಿರುಗಾಳಿಯನ್ನು ಬೈಯುವ ಮುಂಚೆ ಇದನ್ನೂ ನೆನೆಯಬೇಕು.

ನೆಲದ ಮೇಲೆ ಬಿದ್ದ ದೂಳಿನ ಕತೆಯೇ ಬೇರೆ. ಒಂದು ಚಮಚ, ಅಂದಾಜು 5 ಗ್ರಾಂ ಇದೆ ಎನ್ನಿ. ಒಣ ಪೊರಕೆ ಆಡಿಸಿದಾಗ ನೂರಕ್ಕೊಂದು ಪಾಲು ಮೇಲೆದ್ದರೂ 50 ಮಿಲಿಗ್ರಾಂ, ಬಿರುಗಾಳಿ ತಂದದ್ದರ ಮೂರು ಪಟ್ಟು. ನಿಶ್ಚಲ ಗಾಳಿಯಲ್ಲಿ 10 ಮೈಕ್ರಾನಿನ ಕಣ ಸೂರಿನಿಂದ ನೆಲಕ್ಕಿಳಿಯಲು ಹತ್ತು ನಿಮಿಷ ಸಾಕು. 1 ಮೈಕ್ರಾನಿನದಕ್ಕೆ ಎಂಟು–ಹತ್ತು ಗಂಟೆ ಬೇಕು, ಫ್ಯಾನ್ ತಿರುಗುತ್ತಿದ್ದರೆ ಇನ್ನೂ ತಡ. ಆದ್ದರಿಂದ ಮೊದಲು ಒದ್ದೆ ಬಟ್ಟೆ, ಪೊರಕೆ ಆಮೇಲೆ.

ಇನ್ನು ಡಕ್ಟ್, ಅಂದರೆ ಎ.ಸಿ. ಗಾಳಿ ಹಾಯುವ ಕೊಳವೆ? 30×40 ಸೈಟಿನ ಮನೆಗಳಲ್ಲಿ ಅದು ಎಲ್ಲಿಂದ ಬರಬೇಕು! ಇರುವುದು ಸ್ಪ್ಲಿಟ್ ಎ.ಸಿ. ಅದು ಹೊರಗಿನ ಗಾಳಿ ಎಳೆಯುವುದಿಲ್ಲ, ಕೋಣೆಯ ಗಾಳಿಯನ್ನೇ ಸುತ್ತಿಸುತ್ತದೆ. ಅದರ ಜಾಲರಿಯನ್ನು ನಲ್ಲಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಲು ಖರ್ಚು ಸೊನ್ನೆ. ಸರ್ವಿಸ್‌ನವರನ್ನು ಕರೆಸಿದರೆ 500ರಿಂದ 800 ರೂಪಾಯಿ. ಡಕ್ಟ್ ಇರುವುದು ದೊಡ್ಡ ಆಸ್ಪತ್ರೆ, ಸಿನಿಮಾ ಹಾಲ್‌ಗಳಲ್ಲಿ, ಮತ್ತು ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ. ಅಲ್ಲಿನ ಪರಿಸರ ಸಂಸ್ಥೆ ಇಪಿಎ ಕೊಡುವ ಅಂದಾಜು, ಒಂದು ವ್ಯವಸ್ಥೆಯ ಶುಚಿಗೆ 450ರಿಂದ 1,000 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 38 ಸಾವಿರದಿಂದ 85 ಸಾವಿರ. ಬೂಷ್ಟು, ಇಲಿ–ಹುಳು, ಇಲ್ಲವೇ ಉಸಿರುಗಟ್ಟುವಷ್ಟು ದೂಳು ತುಂಬಿದ್ದರೆ ಮಾತ್ರ ಮಾಡಿಸಿ, ವಾಡಿಕೆಯಂತೆ ಬೇಡ ಎನ್ನುವುದೂ ಅದೇ ಸಂಸ್ಥೆ.

ಏರ್ ಪ್ಯೂರಿಫೈಯರ್ ಕೊಳ್ಳುವವರು ನೋಡಬೇಕಾದ ಸಂಖ್ಯೆ ಗಂಟೆಗೆ 170 ಘನ ಮೀಟರ್: ಗಂಟೆಗೆ ಐದು ಸಲ 34 ಘನ ಮೀಟರ್ ಗಾಳಿ ಶುದ್ಧವಾಗಬೇಕು. 40 ವ್ಯಾಟ್‌ನದು ಹತ್ತು ಗಂಟೆ ಓಡಿದರೆ 0.4 ಯೂನಿಟ್, ಎರಡೂವರೆ ರೂಪಾಯಿ ಆಸುಪಾಸು. ದುಡ್ಡು ತಿನ್ನುವುದು ಕರೆಂಟಲ್ಲ, ಬದಲಿಸಬೇಕಾದ ಫಿಲ್ಟರ್.

ನಗರದ ಪಿಎಂ10ರಲ್ಲಿ ರಸ್ತೆ ದೂಳು ಶೇ 20, ಕಟ್ಟಡ ಕಾಮಗಾರಿ ಶೇ 14 ಎಂದು ಟೆರಿ ಸಂಶೋಧನಾ ಸಂಸ್ಥೆ 2010ರಲ್ಲಿ ಲೆಕ್ಕ ಕೊಟ್ಟಿತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಮೆಟ್ರೊ ಮೂರನೇ ಹಂತದ ಒಂದು ಮಾರ್ಗ ಹೊಸಹಳ್ಳಿಯಿಂದ ಕಡಬಗೆರೆಗೆ, 12.5 ಕಿ.ಮೀ., ಇದೇ ಮಾಗಡಿ ರಸ್ತೆಯ ಮೇಲೆ. ತಿಂಗಳಿಗೊಮ್ಮೆ ಜಾಲರಿ ತೊಳೆಯುವವರು ಆ ಮಾರ್ಗದ ಅಗೆತ ನಡೆಯುವಷ್ಟು ಕಾಲ ಹದಿನೈದು ದಿನಕ್ಕೊಮ್ಮೆ ತೊಳೆಯಬೇಕಾದೀತು.