ಜಡತ್ವ: ಹೇರು ತುಂಬಿದ ಟ್ರೇಲರ್ ಬೇಗ ನಿಲ್ಲದೇಕೆ?

ಹೇರು ತುಂಬಿದ ಗಾಡಿ ಹೊರಡುವಾಗ ಎತ್ತುಗಳು ನೊಗಕ್ಕೆ ಹೆಗಲು ಕೊಟ್ಟು ಬಲವಾಗಿ ಎಳೆಯಬೇಕಾಗುತ್ತದೆ. ಒಮ್ಮೊಮ್ಮೆ ಗಾಲಿಗೆ ಆಳಿನ ಕೈಯೂ ಬೇಕಾಗುತ್ತದೆ. ಗಾಡಿ ಉರುಳತೊಡಗಿದ ಮೇಲೆ ಅವೇ ಎತ್ತುಗಳು ಹೆಚ್ಚು ಶ್ರಮವಿಲ್ಲದೆ ಸಾಗುತ್ತವೆ. ಆದರೆ ನಿಲ್ಲಿಸಹೋದಾಗ ಗಾಡಿ ಒಡನೆ ನಿಲ್ಲದೆ ಎತ್ತುಗಳನ್ನೇ ಮುಂದಕ್ಕೆ ನೂಕುತ್ತದೆ. ಹೊರಡುವಾಗಿನ ಕಷ್ಟಕ್ಕೂ ನಿಲ್ಲಿಸುವಾಗಿನ ಕಷ್ಟಕ್ಕೂ ಮುಖ್ಯ ಕಾರಣ ಒಂದೇ. ಅದೇ ಜಡತ್ವ.

ಜಡತ್ವ ಎಂದರೇನು?

ಚಲಿಸುವ ವಸ್ತು ತಾನಾಗಿಯೇ ನಿಂತುಬಿಡುತ್ತದೆ ಎಂದು ಬಹುಕಾಲ ಜನ ನಂಬಿದ್ದರು. ಇದು ಸರಿಯಲ್ಲವೆಂದು 17ನೆಯ ಶತಮಾನದಲ್ಲಿ ಇಟಲಿಯ ಗೆಲಿಲಿಯೊ ತೋರಿಸಿಕೊಟ್ಟನು. 1687ರಲ್ಲಿ ಇಂಗ್ಲೆಂಡಿನ ಐಸಾಕ್ ನ್ಯೂಟನ್ ಇದನ್ನು ಚಲನೆಯ ಮೊದಲನೆಯ ನಿಯಮವನ್ನಾಗಿ ನಿರೂಪಿಸಿದನು. ಹೊರಗಿನ ಬಲ ಬೀಳದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ; ಚಲಿಸುವ ವಸ್ತು ಅದೇ ವೇಗದಲ್ಲಿ ನೇರವಾಗಿ ಸಾಗುತ್ತಲೇ ಇರುತ್ತದೆ. ಉರುಳುವ ಗಾಲಿ ಕೊನೆಗೆ ನಿಲ್ಲುವುದು ನೆಲದ ಮತ್ತು ಅಚ್ಚಿನ ಘರ್ಷಣೆ ತಡೆಯುವುದರಿಂದ. ಜಡತ್ವ ಒಂದು ಬಲವಲ್ಲ, ವಸ್ತುವಿನ ಗುಣ. ವಸ್ತುವಿನ ರಾಶಿ ಹೆಚ್ಚಿದಷ್ಟೂ ಈ ಗುಣವೂ ಹೆಚ್ಚು.

ರೈತರಿಗೆ ಇದರ ಉಪಯೋಗ

ಸಡಿಲವಾದ ಕೊಡಲಿಯ ಕಾವಿನ ಬುಡವನ್ನು ಕಲ್ಲಿಗೆ ಕುಟ್ಟಿದರೆ ಕಾವು ಥಟ್ಟನೆ ನಿಲ್ಲುತ್ತದೆ. ಭಾರವಾದ ಕೊಡಲಿಯ ತಲೆ ಕೆಳಕ್ಕೆ ಚಲಿಸುತ್ತಲೇ ಇದ್ದು ಕಾವಿನ ಮೇಲೆ ಬಿಗಿಯಾಗಿ ಕೂರುತ್ತದೆ. ನೀರೆತ್ತುವ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನಿನಲ್ಲಿ ನಾಲ್ಕು ಹೊಡೆತಗಳಲ್ಲಿ ಒಂದು ಮಾತ್ರ ಶಕ್ತಿ ಕೊಡುತ್ತದೆ. ಉಳಿದ ಮೂರು ಹೊಡೆತಗಳಲ್ಲಿ ಎಂಜಿನ್ನು ನಿಲ್ಲದಂತೆ ಸಾಗಿಸುವುದು ಭಾರವಾದ ಫ್ಲೈವೀಲಿನ ಜಡತ್ವ.

ಇದೇ ಗುಣ ಅಪಾಯವನ್ನೂ ತರುತ್ತದೆ. ಮೇವು ಕತ್ತರಿಸುವ ಯಂತ್ರದ ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಅದರ ಚಕ್ರ ಮತ್ತು ಅಲಗುಗಳು ತಿರುಗುತ್ತಲೇ ಇರುತ್ತವೆ. ಸ್ವಿಚ್ಚು ಆರಿಸಿತೆಂದು ಒಡನೆ ಕೈ ಹಾಕಿದರೆ ಬೆರಳು ಹೋದೀತು.

ಟ್ರೇಲರ್ ಮತ್ತು ಬ್ರೇಕು

ಕಬ್ಬು ಸಾಗಿಸುವ ಕಾಲದಲ್ಲಿ ಜಡತ್ವದ ಲೆಕ್ಕ ಪ್ರಾಣದ ಪ್ರಶ್ನೆಯಾಗುತ್ತದೆ. ಉದಾಹರಣೆಗೆ, 2 ಟನ್ ತೂಕದ ಬರೀ ಟ್ರ್ಯಾಕ್ಟರ್ ಗಂಟೆಗೆ 15 ಕಿ.ಮೀ. ವೇಗದಲ್ಲಿ ಬ್ರೇಕು ಹಿಡಿದಾಗ 3 ಮೀಟರ್ ದೂರದಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಕಬ್ಬು ಸೇರಿ 6 ಟನ್ ತೂಗುವ, ಬ್ರೇಕಿಲ್ಲದ ಟ್ರೇಲರನ್ನು ಕಟ್ಟಿದರೆ ಒಟ್ಟು 8 ಟನ್ ಆಗುತ್ತದೆ. ಬ್ರೇಕಿನ ಬಲ ಮೊದಲಿನಷ್ಟೇ. ತಡೆಯಬೇಕಾದ ರಾಶಿ ನಾಲ್ಕು ಪಟ್ಟು. ಆದ್ದರಿಂದ ನಿಲ್ಲಲು 12 ಮೀಟರ್ ಬೇಕು.

ವೇಗದ ಪರಿಣಾಮ ಇನ್ನೂ ಹೆಚ್ಚು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಅದೇ ಹೇರು 30 ಕಿ.ಮೀ. ವೇಗದಲ್ಲಿದ್ದರೆ 48 ಮೀಟರ್ ಬೇಕು. ಅಡ್ಡ ಬಂದವರನ್ನು ಕಂಡು ಚಾಲಕ ಬ್ರೇಕು ತುಳಿಯಲು ಒಂದು ಸೆಕೆಂಡು ಹಿಡಿದರೂ ಅಷ್ಟರಲ್ಲಿ 8 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ತಿರುವಿನಲ್ಲಿ ಥಟ್ಟನೆ ಬ್ರೇಕು ಹಿಡಿದರಂತೂ ಹಿಂದಿನ ಟ್ರೇಲರ್ ನೇರವಾಗಿ ನುಗ್ಗಿ ಟ್ರ್ಯಾಕ್ಟರನ್ನು ಓರೆಯಾಗಿ ತಳ್ಳಿ ಮಗುಚಿಸಬಹುದು. ಹೇರಿನ ಮೇಲೆ ಕುಳಿತ ಆಳುಗಳು ಮುಂದಕ್ಕೆ ಎಸೆಯಲ್ಪಡುತ್ತಾರೆ.

ಪಾಲಿಸಬೇಕಾದ ಕ್ರಮಗಳು

1. ಬ್ರೇಕುಳ್ಳ ಟ್ರೇಲರನ್ನೇ ಬಳಸಬೇಕು. ಮಿತಿ ಮೀರಿ ಹೇರು ತುಂಬಬಾರದು.

2. ರಸ್ತೆಗೆ ಇಳಿಯುವ ಮುನ್ನ ಎಡ ಬಲ ಬ್ರೇಕು ಪೆಡಲುಗಳನ್ನು ಒಟ್ಟಿಗೆ ಜೋಡಿಸಬೇಕು. ಬಿಡಿಯಾಗಿದ್ದು ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಆ ಕಡೆಗೆ ಎಳೆಯುತ್ತದೆ.

3. ತಿರುವು ಬರುವ ಮೊದಲೇ ವೇಗ ತಗ್ಗಿಸಬೇಕು.

4. ಇಳಿಜಾರಿಗೆ ಮುನ್ನವೇ ಕೆಳಗಿನ ಗೇರಿಗೆ ಹಾಕಬೇಕು. ಎಣ್ಣೆ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಬಿಡಬಾರದು.

5. ಹೇರು ಎಳೆಯುವಾಗ ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಥಟ್ಟನೆ ಬಿಟ್ಟರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚಬಹುದು.

6. ಹೇರಿನ ಮೇಲಾಗಲಿ ಮಡ್‌ಗಾರ್ಡಿನ ಮೇಲಾಗಲಿ ಯಾರನ್ನೂ ಕೂರಿಸಬಾರದು.

7. ಮೇವಿನ ಯಂತ್ರ, ಒಕ್ಕಣೆ ಯಂತ್ರಗಳ ಚಕ್ರ ಪೂರ್ಣವಾಗಿ ನಿಂತ ಮೇಲೆಯೇ ಸಿಕ್ಕಿಕೊಂಡ ಹುಲ್ಲನ್ನು ತೆಗೆಯಬೇಕು.

ಜಡತ್ವವನ್ನು ಇಲ್ಲವಾಗಿಸಲು ಯಾರಿಂದಲೂ ಆಗದು. ಹೇರನ್ನೂ ವೇಗವನ್ನೂ ಮಿತಿಯಲ್ಲಿಡುವುದು ಮಾತ್ರ ರೈತನ ಕೈಯಲ್ಲಿದೆ. ಕಾರ್ಖಾನೆಗೆ ಅರ್ಧ ಗಂಟೆ ತಡವಾಗಿ ತಲುಪಿದರೂ ಚಿಂತೆಯಿಲ್ಲ, ಕ್ಷೇಮವಾಗಿ ತಲುಪುವುದು ಮುಖ್ಯ.