ತೊಂಬತ್ತು ದಾಟಿದವರಿಗೆ ಕೆಲಸ, ಕಾಳು, ಪಹಣಿ

ನಮ್ಮ ಬಯಲುಸೀಮೆ ಹಳ್ಳಿಗಳಲ್ಲಿ ಈಗ ಬೀದಿಗೊಬ್ಬರಾದರೂ ತೊಂಬತ್ತರ ಹತ್ತಿರದ ಹಿರಿಯರು ಸಿಗುತ್ತಾರೆ. ಹುಡುಗರು ಬೆಂಗಳೂರು ಸೇರಿದ್ದಾರೆ. ಹೊಲ ನೋಡುವವರೂ ಹಿರಿಯರನ್ನು ನೋಡುವವರೂ ನಮ್ಮಂಥ ಐವತ್ತು, ಅರವತ್ತು ದಾಟಿದವರೇ. ನಮ್ಮ ಅವ್ವನಿಗೆ ಈಗ 93. ಅವರನ್ನು ನೋಡಿಕೊಳ್ಳುತ್ತಾ, ಡಾಕ್ಟರನ್ನು ಕೇಳುತ್ತಾ, ಓದುತ್ತಾ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕೆಲಸ ಬಿಟ್ಟರೆ ಮೈ ಬಿಡುತ್ತೆ

ಜಪಾನಿನ ಜಿರೋಯೆಮಾನ್ ಕಿಮುರಾ ಎಂಬುವರು 2013ರಲ್ಲಿ ತೀರಿಕೊಂಡಾಗ 116 ವರ್ಷ. ದಾಖಲೆ ಇರುವ ಗಂಡಸರಲ್ಲಿ ಅಷ್ಟು ಬಾಳಿದವರು ಬೇರೆ ಇಲ್ಲ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ತೊಂಬತ್ತರವರೆಗೂ ಬೇಸಾಯ ಮಾಡಿದವರು. ನಮ್ಮವರೇ ಆದ ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು, 114 ವರ್ಷ ಅಂತ ಲೆಕ್ಕ. ಕೂಲಿ ಮಾಡಿ, ನೀರು ಹೊತ್ತು ಆಲದ ಸಾಲು ಬೆಳೆಸಿದ ಜೀವ. ದುಡಿದವರೆಲ್ಲ ನೂರು ದಾಟುತ್ತಾರೆ ಅಂತಲ್ಲ, ಅದಕ್ಕೆ ವಂಶವೂ ಬೇಕು, ಅದೃಷ್ಟವೂ ಬೇಕು. ಆದರೆ ಇರುವಷ್ಟು ದಿನ ತಮ್ಮ ಕಾಲ ಮೇಲೆ ತಾವು ನಿಲ್ಲುವುದು ಬಹುಪಾಲು ಮೈ ಬಳಸುವುದರ ಮೇಲಿದೆ.

1990ರಲ್ಲಿ ಅಮೆರಿಕದ ಬಾಸ್ಟನ್ ಊರಿನಲ್ಲಿ ವೃದ್ಧಾಶ್ರಮದ ಹತ್ತು ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಎಲ್ಲರೂ ತೊಂಬತ್ತರ ಆಸುಪಾಸಿನ ಸೊರಗಿದ ಜನ. ಎಂಟು ವಾರ ಕಾಲಿಗೆ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಪೂರ್ತಿ ಮಾಡಿದ ಒಂಬತ್ತು ಜನರ ಕಾಲಿನ ಶಕ್ತಿ ಸರಾಸರಿ ಎರಡೂವರೆ ಪಟ್ಟಿಗೂ ಮೇಲಾಯಿತು. ಆ ವಯಸ್ಸಿನಲ್ಲೂ ಮಾಂಸಖಂಡ ಕೇಳುತ್ತೆ ಅಂತಾಯಿತಲ್ಲ!

ಅದಕ್ಕೇ "ನೀನು ಸುಮ್ಮನೆ ಕೂತ್ಕೋ ಅವ್ವ" ಅನ್ನೋದು ಪ್ರೀತಿಯ ಮಾತಾದರೂ ಒಳ್ಳೇದಲ್ಲ. ಅವರೆಕಾಯಿ ಸುಲಿಯಲಿ, ಕಡಲೆಕಾಯಿ ಬಿಡಿಸಲಿ. ಕಾಲಿಗೂ ಕೆಲಸ ಬೇಕು. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ದಿನಕ್ಕೆರಡು ಹೊತ್ತು, ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಸಾಕು.

ಮುದ್ದೆ ಜೊತೆ ಕಾಳು

ಹಲ್ಲು ಹೋದವರು ಮುದ್ದೆ, ತಿಳಿಸಾರು ನುಂಗಿ ಏಳುತ್ತಾರೆ. ಕಾಳು ತಟ್ಟೆಯಲ್ಲೇ ಉಳಿಯುತ್ತೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಮೂಳೆಗೆ ಒಳ್ಳೇದು. ಆದರೆ ಪ್ರೋಟೀನು 7 ಗ್ರಾಂ ಮಾತ್ರ. ಹುರುಳಿಯಲ್ಲಿ ಅದು ಸುಮಾರು 22 ಗ್ರಾಂ. ವಯಸ್ಸಾದ ಮೈಗೆ ಪ್ರೋಟೀನು ಕಮ್ಮಿ ಸಾಕು ಅನ್ನೋದು ತಪ್ಪು ತಿಳುವಳಿಕೆ. ಹುರುಳಿ, ಅಲಸಂದೆ, ಅವರೆಯನ್ನು ಮೆತ್ತಗೆ ಬೇಯಿಸಿ ಸಾರಿಗೇ ರುಬ್ಬಿ ಹಾಕಿ. ಮೊಸರು ಇರಲಿ, ತಿನ್ನುವವರಿಗೆ ಮೊಟ್ಟೆ ಕೊಡಿ.

ವಯಸ್ಸಾದಂತೆ ಬಾಯಾರಿಕೆಯೂ ತಿಳಿಯುವುದಿಲ್ಲ. ಕೇಳಿದಾಗ ಕೊಡೋಣ ಅಂದರೆ ಅವರು ಕೇಳೋದೇ ಇಲ್ಲ. ಮಜ್ಜಿಗೆ, ಅಂಬಲಿ, ನೀರು ಹೊತ್ತು ಹೊತ್ತಿಗೆ ಕೊಡಬೇಕು. ಹೃದಯದ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಎಷ್ಟು ಅಂತ ಡಾಕ್ಟರನ್ನು ಕೇಳಿ.

ಎಲ್ಲವೂ ವಯಸ್ಸಿನ ದೋಷ ಅಲ್ಲ

"ಅಜ್ಜಿಗೆ ಅರಳುಮರುಳು" ಅಂತ ಸುಮ್ಮನಾಗುವ ಮೊದಲು ನಾಲ್ಕು ವಿಷಯ ನೋಡಿ.

ಒಂದು, ಕಿವಿ. ಗುಗ್ಗೆ ತುಂಬಿಕೊಂಡು ಕೇಳದೇ ಇದ್ದರೂ ಉತ್ತರ ತಪ್ಪುತ್ತೆ.

ಎರಡು, ಕಣ್ಣಿನ ಪೊರೆ. ತೊಂಬತ್ತರಲ್ಲೂ ಆಪರೇಷನ್ ಮಾಡುತ್ತಾರೆ.

ಮೂರು, ಬಿ 12 ಜೀವಸತ್ವ. ವಯಸ್ಸಾದವರ ಹೊಟ್ಟೆ ಅದನ್ನು ಸರಿಯಾಗಿ ಹೀರುವುದಿಲ್ಲ. ಪಾದ ಜೋಮು, ಮರೆವು ಬರಬಹುದು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ, ಮದ್ದಿದೆ.

ನಾಲ್ಕು, ಒಂದೆರಡು ದಿನದಲ್ಲೇ ಇದ್ದಕ್ಕಿದ್ದ ಹಾಗೆ ಮಾತು ತಪ್ಪಿದರೆ ಅದು ಸೋಂಕು, ನೀರಿನ ಕೊರತೆ ಅಥವಾ ಮಾತ್ರೆಯ ಕಾರಣ ಇರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ದೊಡ್ಡ ಶತ್ರು ಬೀಳುವುದು. ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಬಿದ್ದ ಮೇಲೆ ಆಗುವ ಖರ್ಚಿನ ಮುಂದೆ, ಬಚ್ಚಲಿನ ಹತ್ತಿರ ಒಂದು ಬಲ್ಬು, ಗೋಡೆಗೊಂದು ಕಬ್ಬಿಣದ ಹಿಡಿಕೆ, ಜಾರದ ಒರಟು ಕಲ್ಲು ಏನೂ ಅಲ್ಲ. ಮಲಗಿದವರು ಎದ್ದು ಒಂದು ಗಳಿಗೆ ಕೂತು ಆಮೇಲೆ ನಿಲ್ಲಲಿ.

ಜಮೀನು ಯಾರ ಹೆಸರಲ್ಲಿ?

ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಪಹಣಿಯಲ್ಲಿ ಹೆಸರು ಇರುವವರೆಗೆ ಮನೆಯಲ್ಲಿ ಅಜ್ಜನ ಮಾತಿಗೆ ಬೆಲೆ. ದಾನಪತ್ರ ಆದ ಮೇಲೆ ಕೆಲವರ ಹಾಸಿಗೆ ಜಗಲಿಗೆ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆ ಇದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ಕೈಬಿಟ್ಟರೆ, ಆ ಪತ್ರವನ್ನು ರದ್ದು ಮಾಡಿಸಬಹುದು. ಅರ್ಜಿಯನ್ನು ಉಪವಿಭಾಗಾಧಿಕಾರಿಗೆ ಕೊಡಬೇಕು. ಬರೆದುಕೊಡಲೇಬೇಕಾಗಿ ಬಂದರೆ "ಕೊನೆಯವರೆಗೆ ನೋಡಿಕೊಳ್ಳಬೇಕು" ಎಂಬ ಸಾಲು ಪತ್ರದಲ್ಲೇ ಇರಲಿ. ಬಾಯಿಮಾತು ನಿಲ್ಲೋದಿಲ್ಲ. ಹಿರಿಯರ ಸಹಾಯವಾಣಿ 14567.

ಪಿಂಚಣಿ ಬಂದರೆ ಅವರ ಕೈಗೇ ಕೊಡಿ. ಮೊಮ್ಮಗಳಿಗೆ ಬಳೆ ಕೊಡಿಸುವ, ಎಲೆಅಡಿಕೆಗೆ ಕೊಡುವ ಹತ್ತು ರೂಪಾಯಿ ಅವರದೇ ಆಗಿರಬೇಕು. ಈ ಹಂಗಾಮು ಏನು ಬಿತ್ತೋಣ ಅಂತಲೂ ಒಂದು ಮಾತು ಕೇಳಿ. ಎಷ್ಟೋ ಬರಗಾಲ ಕಂಡವರು ಅವರು, ಮಳೆ ಲೆಕ್ಕ ಹೇಳಬಲ್ಲರು. ನಿಮ್ಮ ಮನೆಯ ಹಿರಿಯರಿಗೆ ನೀವು ಮಾಡಿಕೊಂಡ ಅನುಕೂಲಗಳಿದ್ದರೆ ಪತ್ರಿಕೆಗೆ ಬರೆಯಿರಿ, ಉಳಿದವರಿಗೂ ದಾರಿಯಾಗಲಿ.